ತಳಕಲ್ಲಿನ ಮಾಳಿಗೆಗೆ ಇಳಿದ ಊಟ

ಕೊರೊನಾ ಮುಗಿದು ಎರಡು ಮಳೆಗಾಲ ಕಳೆದಿದ್ದವು. ಆಗ ನಾನು ಮಾರುಕಟ್ಟೆ ಸಮೀಕ್ಷೆ ನಡೆಸುವ ಖಾಸಗಿ ಸಂಸ್ಥೆಯೊಂದರಲ್ಲಿ ಕೊಪ್ಪಳ ಜಿಲ್ಲೆಯ ಮೇಲ್ವಿಚಾರಕಿಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಬಾಕಿ ಇತ್ತು. ನಮ್ಮ ಕೆಲಸವನ್ನು ವಿವರಿಸುವುದು ಸುಲಭ. ಕಂಪನಿಯವರು ಹೊಸ ಸಾಬೂನನ್ನೋ ಚಹಾಪುಡಿಯನ್ನೋ ಮಾರಾಟಕ್ಕೆ ಬಿಡುವ ಮೊದಲು ಅದು ಜನಕ್ಕೆ ಹಿಡಿಸುತ್ತದೆಯೇ ಎಂದು ತಿಳಿಯಬಯಸುತ್ತಾರೆ. ನಾವು ಪ್ರಶ್ನೆಗಳ ಹಾಳೆ ಹಿಡಿದು ಮನೆಮನೆಗೆ ಹೋಗುತ್ತೇವೆ, ಕೇಳುತ್ತೇವೆ, ಗುರುತು ಹಾಕುತ್ತೇವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ಕಡೆ ನಾನು ಕೂತು ನೀರು ಕುಡಿಯದ ಓಣಿ ಕಡಿಮೆ. ಜನರ ಮುಖ ಓದುವುದು ನನಗೆ ಗೊತ್ತು ಎಂಬ ಸೊಕ್ಕು ಒಳಗೊಳಗೇ ಇತ್ತು.

ಆ ವರ್ಷ ಬಂದದ್ದು ಡ್ರೋನ್ ಕೆಲಸ. ಹೊರಗಿನ ಕಂಪನಿಯೊಂದು ಡ್ರೋನ್ ಮೂಲಕ ಬಿಸಿ ಊಟ ತಲುಪಿಸುವ ಪ್ರಯೋಗಕ್ಕೆ ನಮ್ಮ ಜಿಲ್ಲೆಯನ್ನು ಆರಿಸಿಕೊಂಡಿತ್ತು. ಹಿಟ್ನಾಳದ ಹೆದ್ದಾರಿ ಪಕ್ಕದಲ್ಲಿ ಒಂದು, ತಾವರಗೇರಾ ಹತ್ತಿರ ಒಂದು, ತಳಕಲ್ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು, ಹೀಗೆ ಮೂರು ಖಾನಾವಳಿಗಳನ್ನು ಗೊತ್ತುಮಾಡಿದ್ದರು. ಪ್ರತಿಯೊಂದರ ಸುತ್ತ ಐದಾರು ಕಿಲೋಮೀಟರ್ ಒಳಗಿನ ಆಯ್ದ ಮನೆಗಳಿಗೆ ಒಂದು ತಿಂಗಳು ಮಧ್ಯಾಹ್ನದ ಊಟ ಪುಕ್ಕಟೆ. ಎರಡು ಜೋಳದ ರೊಟ್ಟಿ, ಪಲ್ಯ, ಅನ್ನ, ಸಾರು. ತಿಂಗಳ ಕೊನೆಗೆ ನಾನು ಉತ್ತರಿಸಬೇಕಾಗಿದ್ದದ್ದು ಒಂದೇ ಪ್ರಶ್ನೆ: ಇದನ್ನು ಇಲ್ಲಿಯ ಜನ ಒಪ್ಪುತ್ತಾರೆಯೇ?

ಯಂತ್ರದ ಬಗ್ಗೆ ಸ್ವಲ್ಪ ಹೇಳಬೇಕು. ಆರು ರೆಕ್ಕೆಗಳಿದ್ದ ಅದು ಎತ್ತಿನ ಗಾಡಿಯ ಗಾಲಿಯಷ್ಟು ಅಗಲ. ಹೊಟ್ಟೆಯ ಕೆಳಗೆ ಊಟದ ಪೆಟ್ಟಿಗೆ, ಪಕ್ಕದಲ್ಲಿ ಕ್ಯಾಮೆರಾ. ಮನೆಯ ಮಾಳಿಗೆಯ ಮೇಲೆ ಕಪ್ಪು ಬಿಳಿ ಚೌಕಗಳಿದ್ದ ಒಂದು ಪ್ಲಾಸ್ಟಿಕ್ ಹಾಸನ್ನು ನಾವು ಹಾಸಿ ಬರುತ್ತಿದ್ದೆವು. ಡ್ರೋನ್ ಕ್ಯಾಮೆರಾದಿಂದ ಆ ಹಾಸನ್ನು ಹುಡುಕಿ, ಅದರ ಮೇಲೆ ನಿಂತಲ್ಲೇ ನಿಂತು, ಪೆಟ್ಟಿಗೆಯನ್ನು ದಾರದಲ್ಲಿ ಇಳಿಸಿ ಹೋಗುತ್ತಿತ್ತು. ನಿಲ್ಲುವುದು ಹೆಚ್ಚೆಂದರೆ ಎರಡು ನಿಮಿಷ. ಆ ಎರಡು ನಿಮಿಷದ ಸದ್ದು ಮಾತ್ರ ಜೇನುಗೂಡಿಗೆ ಯಾರೋ ಕಲ್ಲು ಹೊಡೆದಂತೆ ಇರುತ್ತಿತ್ತು.

ತಳಕಲ್ ಕಡೆಯ ಡ್ರೋನ್ ಹಾರಿಸುತ್ತಿದ್ದವನು ಮಹಾಂತೇಶ. ಕುಷ್ಟಗಿಯವನು, ಮೂವತ್ತು ದಾಟಿದ ಮನುಷ್ಯ, ಲೈಸೆನ್ಸ್ ಇದ್ದ ಪೈಲಟ್. ಮೊದಲು ದಾಳಿಂಬೆ ತೋಟಗಳಿಗೆ ಡ್ರೋನಿನಿಂದ ಔಷಧಿ ಹೊಡೆಯುತ್ತಿದ್ದ.

ಶುರುವಿನಲ್ಲಿ ಜನ ಹೆದರಿದರು. ತಾವರಗೇರಾದಲ್ಲಿ ಡ್ರೋನ್ ಸುಳಿದ ಮನೆಗೆ ಕಳ್ಳರು ಬರುತ್ತಾರೆಂಬ ಸುದ್ದಿ ಹಬ್ಬಿ, ಸಂತೆಗೆ ಬಂದವರು ನಮ್ಮ ಜೀಪಿನ ನಂಬರ್ ಬರೆದುಕೊಂಡರು. ಅಲ್ಲಿಯ ಒಬ್ಬ ಹಿರಿಯರು ಪೆಟ್ಟಿಗೆಯನ್ನು ಕೋಲಿನಿಂದ ಹೊರಳಿಸಿ, "ಕೊಟ್ಟಾವನ ಮಾರಿ ಕಾಣಲಾರದ ಊಟ ಹೆಂಗ ಉಣ್ಣೂದ್ರಿ?" ಎಂದು ಕೇಳಿದರು. ಇಂಥ ಭಯಗಳಿಗೆ ನನ್ನ ಹತ್ತಿರ ಉತ್ತರವಿತ್ತು. ಖಾನಾವಳಿಗೆ ಕರೆದುಕೊಂಡು ಹೋಗಿ ಅಡುಗೆ ತೋರಿಸುತ್ತಿದ್ದೆ, ನಾನೇ ಮೊದಲ ತುತ್ತು ತಿನ್ನುತ್ತಿದ್ದೆ. ವಾರದಲ್ಲಿ ಜನ ನಗುತ್ತಾ ಮಾಳಿಗೆ ಹತ್ತತೊಡಗಿದರು.

ಹಾಳೆಯಲ್ಲಿ ನಾಲ್ಕು ಚೌಕಗಳಿದ್ದವು: ಪೂರ್ಣ ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ ಇಲ್ಲ, ಹೇಳಲಾರೆ. ನಮ್ಮ ಬೆಂಗಳೂರಿನ ಮ್ಯಾನೇಜರ್ ಮೊದಲೇ ಫೋನ್ ಮಾಡಿ ತಿಳಿಸಿದ್ದರು: "ಮೇಡಂ, 'ಹೇಳಲಾರೆ' ಜಾಸ್ತಿ ಬಂದ್ರೆ ವರದಿ ದುರ್ಬಲ ಆಗುತ್ತೆ. ಬೇಡ ಅಂತ ಬಾಯಿಬಿಟ್ಟು ಹೇಳದೇ ಇದ್ದೋರನ್ನ 'ಒಪ್ಪಿಗೆ'ಗೆ ಹಾಕಿ." ಇದು ಅವರೊಬ್ಬರದೇ ಹೊಸ ನಿಯಮವಲ್ಲ. ಸಾಬೂನು, ಚಹಾಪುಡಿಯ ಕಾಲದಿಂದಲೂ ನಾನು ಹಾಗೇ ಮಾಡುತ್ತಾ ಬಂದಿದ್ದೆ. ಯಾರಿಗೂ ಏನೂ ಆಗಿರಲಿಲ್ಲ.

ತಳಕಲ್ಲಿನಲ್ಲಿ ನಾವು ಆರಿಸಿದ ಮನೆಗಳಲ್ಲಿ ಗಂಗವ್ವನದೂ ಒಂದು. ಸುತ್ತ ಕರೆಂಟಿನ ತಂತಿ ಇಲ್ಲದ, ಸಮತಟ್ಟಾದ ಮಾಳಿಗೆ. ಡ್ರೋನಿಗೆ ಹೇಳಿ ಮಾಡಿಸಿದಂತಿತ್ತು. ಗಂಗವ್ವನ ಜೊತೆ ಇದ್ದವಳು ಕಿರಿಯ ಸೊಸೆ ನೀಲಮ್ಮ ಮತ್ತು ಆಕೆಯ ನಾಲ್ಕು ವರ್ಷದ ಮಗಳು. ನೀಲಮ್ಮನ ಗಂಡ ಬಸವರಾಜ ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಿದ್ದ. ಮನೆಯ ವ್ಯವಹಾರ ನೋಡುತ್ತಿದ್ದವರು ಪಕ್ಕದ ಮನೆಯಲ್ಲೇ ಇದ್ದ ಹಿರಿಯ ಮಗ ಸಿದ್ದಪ್ಪ.

"ಹಾಸ್ರಿ ಹಾಸ್ರಿ, ನಮ್ದೇನೂ ತಕರಾರಿಲ್ಲ. ಊರಾಗ ಮೊದಲ ನಮ್ಮ ಮನಿಗೇ ಬರ್ಲಿ," ಎಂದರು ಸಿದ್ದಪ್ಪ. ನಾನು ಪದ್ಧತಿಯಂತೆ ನೀಲಮ್ಮನನ್ನೂ ಕೇಳಿದೆ. ಆಕೆ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಜಂಪರ್ ಹೊಲಿಯುತ್ತಿದ್ದಳು.

"ನಿನಗ ಒಪ್ಪಿಗಿ ಐತೇನವ್ವಾ?"

ಆಕೆ ಭಾವನ ಕಡೆ ನೋಡಿದಳು, ಹಿತ್ತಲಿನ ಕಡೆ ನೋಡಿದಳು, ತಲೆ ಬಗ್ಗಿಸಿದಳು. ನಾನು 'ಒಪ್ಪಿಗೆ' ಚೌಕದಲ್ಲಿ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ.

ಹಿತ್ತಲಿನಲ್ಲಿ ಏನಿತ್ತೆಂದು ನಾನು ಅವತ್ತು ಎದ್ದು ನೋಡಲಿಲ್ಲ. ಅಲ್ಲಿ ಅವರ ಬಚ್ಚಲಿತ್ತು. ಎದೆಮಟ್ಟದ ಕಲ್ಲಿನ ಗೋಡೆ, ಬಾಗಿಲಿಗೆ ಒಂದು ಚೀಲದ ಪರದೆ. ಮೇಲೆ ಸೂರು ಇರಲಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಬಚ್ಚಲು ಹಾಗೇ ಇರುತ್ತವೆ. ಆಕಾಶಕ್ಕೆ ಯಾರೂ ನಾಚುವುದಿಲ್ಲ. ಈಗ ಆ ಆಕಾಶದಲ್ಲಿ ದಿನಾ ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕ್ಯಾಮೆರಾ ಬಂದು ನಿಲ್ಲತೊಡಗಿತು.

ಎರಡು ವಾರ ನಡೆದದ್ದನ್ನು ನನಗೆ ಆಮೇಲೆ ಗಂಗವ್ವ ಹೇಳಿದ್ದು. ನೀಲಮ್ಮ ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸತೊಡಗಿದಳು. ಬಚ್ಚಲಿಗೆ ಎರಡು ಹಳೆ ಸೀರೆ ಕಟ್ಟಿದಳು. ಡ್ರೋನಿನ ಗಾಳಿಗೆ ಅವು ಹಾರಿಹೋದವು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವುದು ಬಿಟ್ಟಳು. ಮಧ್ಯಾಹ್ನದ ಸದ್ದು ಕೇಳಿದೊಡನೆ ಹೊಲಿಗೆ ನಿಲ್ಲಿಸಿ, ಜೋಳದ ಕಣಜದ ಸಂದಿಯಲ್ಲಿ ನಿಂತು, ಸದ್ದು ದೂರವಾದ ಮೇಲೆ ಬರುತ್ತಿದ್ದಳು. ಮಾಳಿಗೆ ಹತ್ತಿ ಪೆಟ್ಟಿಗೆ ತರುತ್ತಿದ್ದವಳು ಮೊಣಕಾಲು ನೋವಿನ ಗಂಗವ್ವ. ಆ ಊಟವನ್ನು ನೀಲಮ್ಮ ಒಮ್ಮೆಯೂ ಉಣ್ಣಲಿಲ್ಲ.

ಇತ್ತ ಖಾನಾವಳಿಯಲ್ಲಿ ಇನ್ನೊಂದು ಏರ್ಪಾಡು ನಡೆದಿತ್ತು. ಜನರ ಅಂಜಿಕೆ ಹೋಗಲಿ ಎಂದು, ಡ್ರೋನಿನ ಕ್ಯಾಮೆರಾ ಕಂಡದ್ದನ್ನೆಲ್ಲ ಉಣ್ಣಲು ಬಂದವರಿಗೆ ದೊಡ್ಡ ಟಿ.ವಿ.ಯಲ್ಲಿ ತೋರಿಸಬೇಕೆಂದು ಕಂಪನಿ ಹೇಳಿತ್ತು. ತಮ್ಮ ಕಣ್ಣೆದುರು ಕಟ್ಟಿದ ಊಟ ಹೊಲಗಳ ಮೇಲೆ ಹಾರಿ ಮನೆ ಸೇರುವುದನ್ನು ಜನ ಬೆರಗಾಗಿ ನೋಡುತ್ತಿದ್ದರು. ನಾನೂ ಒಂದು ದಿನ ಅಲ್ಲಿ ಕೂತು ನೋಡಿ, ಇದು ಛಲೋ ಉಪಾಯ ಎಂದು ವರದಿಯಲ್ಲಿ ಬರೆದಿದ್ದೆ.

ಅದೇ ಟಿ.ವಿ.ಯಿಂದ ಯಾರೋ ಮೊದಲ ದಿನವೇ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿದ್ದರು. ನೀಲಮ್ಮ ಒದ್ದೆ ಕೂದಲು ಬಿಟ್ಟುಕೊಂಡು ಹಿತ್ತಲಿನಿಂದ ಒಳಗೆ ಓಡುತ್ತಾ, ಒಂದು ಗಳಿಗೆ ತಲೆ ಎತ್ತಿ ಮೇಲೆ ನೋಡಿದ್ದ ಚಿತ್ರ. ನೋಡಬಾರದ್ದು ಅದರಲ್ಲಿ ಏನೂ ಇರಲಿಲ್ಲ. ಆದರೆ ಎರಡು ವಾರದ ಮೇಲೆ ಊರಿನ ಫೋನುಗಳಲ್ಲಿ ಅದು ಸುತ್ತಿತು. 'ಯಾರ ಹಾದಿ ನೋಡಾಕತ್ಯಾಳ' ಎಂದು ಯಾರೋ ಕೆಳಗೆ ಬರೆದರು. ಸಿದ್ದಪ್ಪನ ಫೋನಿಗೂ ಬಂತು. ಅವರು ಓಣಿಯ ನಾಲ್ಕು ಜನರ ಎದುರು, "ನಿನಗ ಮ್ಯಾಲೆ ನೋಡೂದೇನ ಕೆಲಸ ಇತ್ತು?" ಎಂದು ತಮ್ಮನ ಹೆಂಡತಿಯನ್ನು ಕೇಳಿದರು.

ಮರುದಿನ ಬೆಳಗಿನ ಹನ್ನೊಂದರ ಹೊತ್ತಿಗೆ ನಾನು ಕೊಪ್ಪಳದ ಮನೆಯಲ್ಲಿ ಹಾಳೆಗಳನ್ನು ಜೋಡಿಸುತ್ತಿದ್ದಾಗ ಮಹಾಂತೇಶನ ಫೋನ್ ಬಂತು. ಫೋಟೋದ ವಿಷಯ, ಸಿದ್ದಪ್ಪ ಬೈದ ವಿಷಯ ಎಲ್ಲ ನನಗೆ ಗೊತ್ತಾದದ್ದು ಆಗಲೇ.

"ಅಕ್ಕಾರ, ತಳಕಲ್ಲಿನ ನೀಲಮ್ಮ ಕಾಣವಲ್ಲರಂತ್ರಿ. ಮುಂಜಾನಿ ಮಗಳ್ನ ಅಂಗನವಾಡಿಗೆ ಬಿಟ್ಟು ಹೋಗ್ಯಾರಂತ. ಮನಿಗೆ ತಿರುಗಿ ಬಂದಿಲ್ಲ. ಫೋನ್ ಹೊಲಿಗಿ ಮಶಿನ್ ಮ್ಯಾಲೇ ಐತಂತ್ರಿ."

ಕೊಪ್ಪಳದಿಂದ ತಳಕಲ್ಲಿಗೆ ಜೀಪಿನಲ್ಲಿ ಹೋದ ಆ ದಾರಿ ನನಗೆ ಈಗಲೂ ಸರಿಯಾಗಿ ನೆನಪಿಲ್ಲ. ಆಕೆ ಹಿತ್ತಲಿನ ಕಡೆ ನೋಡಿದ್ದು ಮಾತ್ರ ಮತ್ತೆ ಮತ್ತೆ ಕಣ್ಣ ಮುಂದೆ ಬರುತ್ತಿತ್ತು. ಆ ನೋಟವನ್ನು ನಾನು ಅವತ್ತೇ ಕಂಡಿದ್ದೆ. ಕಂಡೂ ಗುರುತು ಹಾಕಿದ್ದೆ.

ಮನೆಯ ಮುಂದೆ ಜನ ಸೇರಿದ್ದರು. ಅಂಗನವಾಡಿ ಕಾರ್ಯಕರ್ತೆ ಬಾಗಿಲ ಕಟ್ಟೆಯ ಮೇಲೆ ಮಗುವನ್ನು ತೊಡೆಯಲ್ಲಿ ಕೂರಿಸಿಕೊಂಡಿದ್ದರು. ನನ್ನನ್ನು ಕಂಡು ಸಣ್ಣ ದನಿಯಲ್ಲಿ, "ಮಗಳ ಜಡಿ ಬಿಚ್ಚಿ ಮತ್ತ ಹಾಕಿದ್ಳರಿ. ಎರಡು ಸಲ. ಆಮ್ಯಾಲೆ ಹೊಲದ ಹಾದಿ ಹಿಡಿದು ಹೋದ್ಳು," ಎಂದರು. ಹೊಲದ ಹಾದಿಯಲ್ಲಿ ಮೂರು ಬಾವಿಗಳಿದ್ದವು. ಗಂಡಸರು ಒಂದೊಂದಾಗಿ ಇಣುಕಿ ನೋಡಲು ಆಗಲೇ ಹೊರಟಿದ್ದರು.

ಅಷ್ಟರಲ್ಲಿ ಮಹಾಂತೇಶ ಖಾನಾವಳಿಯಿಂದ ಗಾಡಿ ತಂದು ನಿಲ್ಲಿಸಿದ. ಹಿಂದೆ ಡ್ರೋನ್ ಇತ್ತು. ಸಿದ್ದಪ್ಪ ಅದನ್ನು ಕಂಡವರೇ ಓಡಿಬಂದರು. ಮುಖ ಇಳಿದುಹೋಗಿತ್ತು.

"ಹಾರಸ್ರಿ ಅದನ್ನ. ಹತ್ತು ನಿಮಿಷದಾಗ ಹೊಲ ಎಲ್ಲಾ ಕಾಣತಾವು. ಹುಡುಕ್ರಿ."

ಮಾತು ಸರಿಯಾಗಿಯೇ ಇತ್ತು. ಮಹಾಂತೇಶ ರೆಕ್ಕೆ ಬಿಚ್ಚಿ ಜೋಡಿಸತೊಡಗಿದ. ನಾನೂ ಬೇಡ ಎನ್ನಲಿಲ್ಲ. ಆಗ ಗಂಗವ್ವ ಜನರ ನಡುವಿನಿಂದ ದಾರಿ ಮಾಡಿಕೊಂಡು ಬಂದು ನನ್ನ ರಟ್ಟೆ ಹಿಡಿದಳು.

"ಬಾಯಾರ, ಹಾರಸಬ್ಯಾಡ್ರಿ. ಆ ಸಪ್ಪಳ ಕೇಳಿದ್ರ ಆಕಿ ಕೈಕಾಲು ಆಕಿ ಮಾತು ಕೇಳೂದಿಲ್ಲ. ನಾ ದಿನಾ ನೋಡೇನಿ. ಬಾವಿ ದಂಡಿಮ್ಯಾಲ ನಿಂತಿದ್ದರ ಏನ್ ಮಾಡ್ತೀರಿ?"

ಆ ಹೊತ್ತಿನಲ್ಲೇ ಆಕೆ ಕಣಜದ ಸಂದಿಯ ವಿಷಯ, ಹಾರಿಹೋದ ಸೀರೆಗಳ ವಿಷಯ ಎರಡೇ ಮಾತಿನಲ್ಲಿ ಹೇಳಿದ್ದು. ಮಹಾಂತೇಶನ ಕೈ ನಿಂತಿತು. "ಅಕ್ಕಾರ, ಏನ್ ಮಾಡ್ಲಿ?" ಎಂದು ನನ್ನ ಮುಖ ನೋಡಿದ.

ಅಷ್ಟು ವರ್ಷಗಳ ಕೆಲಸದಲ್ಲಿ ಅಂಥ ನಿರ್ಧಾರ ನನ್ನ ಪಾಲಿಗೆ ಬಂದಿರಲಿಲ್ಲ. ಹಾರಿಸಿದರೆ ಬೇಗ ಸಿಗಬಹುದು. ಹಾರಿಸದೆ ತಡವಾಗಿ, ಆ ತಡದಲ್ಲೇ ಏನಾದರೂ ಆದರೆ? ಹಾರಿಸಿ, ಆ ಸದ್ದಿಗೇ ಏನಾದರೂ ಆದರೆ? ಎರಡು ಕಡೆಯೂ ಭಯವೇ ಇತ್ತು. ಒಂದು ಮಾತ್ರ ತಿಳಿದಿತ್ತು: ಆಕೆಯನ್ನು ಬಲ್ಲವಳು ಗಂಗವ್ವ, ನಾನಲ್ಲ.

"ಹಾರಸಬ್ಯಾಡ," ಎಂದೆ.

"ಏನರ ಆದ್ರ ನಿಮ್ಮ ತಲಿಮ್ಯಾಲ ಬರತೈತಿ," ಎಂದರು ಸಿದ್ದಪ್ಪ.

"ಬರ್ಲಿ," ಎಂದೆ.

ಉಳಿದ ಗಂಡಸರೂ ಬಾವಿಗಳ ಕಡೆ ಹೋದರು. ಗಂಗವ್ವ ಆ ಕಡೆ ಹೋಗಲಿಲ್ಲ. "ಎರಡ ವಾರ ಆತ್ರಿ, ಆಕಿ ತಲಿಮ್ಯಾಲ ಏನರ ಇದ್ದಲ್ಲೇ ಕೂಡ್ತಾಳ. ಮುಚ್ಚಿದ ಜಾಗ ಹುಡುಕೂಣ," ಎಂದು ನನ್ನ ಕೈ ಹಿಡಿದು ನಡೆದಳು. ಮೊಣಕಾಲು ನೋವಿನಿಂದ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಪಂಪ್‌ಸೆಟ್ಟಿನ ಖೋಲಿ ನೋಡಿದೆವು, ಬೀಗ ಹಾಕಿತ್ತು. ಮೇವಿನ ಬಣವೆಯ ಮಗ್ಗುಲು ನೋಡಿದೆವು. ಒಂದು ಚಪ್ಪರ ನೋಡಿದೆವು, ಒಳಗೆ ಆಡುಗಳಿದ್ದವು. ದೂರದಿಂದ ಗಂಡಸರು ಕೂಗುವುದು ಕೇಳಿದಾಗಲೆಲ್ಲ ನಾವಿಬ್ಬರೂ ನಿಂತುಬಿಡುತ್ತಿದ್ದೆವು. ಅದು ಬರಿಯ ಹೆಸರು ಕೂಗಿದ್ದು ಎಂದು ತಿಳಿದ ಮೇಲೆ ಮತ್ತೆ ನಡೆಯುತ್ತಿದ್ದೆವು.

ಹಳ್ಳ ದಾಟುವಲ್ಲಿ ಹೊಲದ ರಸ್ತೆಯ ಕೆಳಗೆ ದೊಡ್ಡ ಸಿಮೆಂಟ್ ಕೊಳವೆ ಹಾಕಿ ಸಣ್ಣ ಸೇತುವೆ ಮಾಡಿದ್ದರು. ಹಳ್ಳದಲ್ಲಿ ನೀರಿರಲಿಲ್ಲ. ಸೇತುವೆಯ ಅಂಚಿನಲ್ಲಿ ಒಂದು ಜೊತೆ ಹೆಂಗಸಿನ ಚಪ್ಪಲಿ, ಒಂದರ ಪಕ್ಕ ಒಂದು ಜೋಡಿಸಿಟ್ಟಂತೆ ಇದ್ದವು. ಅಲ್ಲಿಂದ ನಲವತ್ತು ಹೆಜ್ಜೆಗೆ ಮೂರನೆಯ ಬಾವಿ. ಗಂಡಸರು ಇನ್ನೂ ಅಲ್ಲಿಗೆ ಬಂದಿರಲಿಲ್ಲ.

ನಾನು ಚಪ್ಪಲಿ ನೋಡಿದೆ, ಬಾವಿ ನೋಡಿದೆ. ಮುಂದೆ ಹೋಗಲು ನನ್ನಿಂದ ಆಗಲಿಲ್ಲ. ಗಂಗವ್ವ ಬಾವಿಯ ಕಡೆ ತಿರುಗಿಯೂ ನೋಡದೆ, ನೆಲಕ್ಕೆ ಕೈ ಊರಿ ಹಳ್ಳಕ್ಕಿಳಿದು, ಕೊಳವೆಯ ಬಾಯಿಗೆ ಬಗ್ಗಿ, ಮನೆಯಲ್ಲಿ ಕರೆಯುವ ದನಿಯಲ್ಲೇ ಕರೆದಳು.

"ನೀಲಾ."

ಒಳಗಿನಿಂದ ಸಣ್ಣ ದನಿ ಬಂತು. "ಅತ್ತಿ, ಅದು ಬಂದೈತೇನ್ರಿ?"

"ಇಲ್ಲವ್ವ. ನೆಲದ ಮ್ಯಾಲೈತಿ. ಹಾರಸಬ್ಯಾಡಂತ ಹೇಳೇನಿ. ಬಾ."

ಆಕೆ ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು. ಬಂದವಳು ಮೊದಲು ಆಕಾಶ ನೋಡಿದಳು, ಆಮೇಲೆ ನನ್ನನ್ನು. ಸೀರೆಗೆಲ್ಲ ಹಳ್ಳದ ಒಣ ಕೆಸರಿನ ಪುಡಿ ಹತ್ತಿತ್ತು. ಆಕೆಯೇ ಮೊದಲು ಅಂದಳು:

"ಅಕ್ಕಾರ, ಅವತ್ತ ನಾ ಏನೂ ಅಂದಿರಲಿಲ್ರಿ."

"ಹೌದವ್ವಾ. ನೀ ಏನೂ ಅಂದಿರಲಿಲ್ಲ. ನಾನ ಬರಕೊಂಡೆ," ಎಂದೆ. ಆ ಬಾವಿಯ ಹತ್ತಿರ ಆಕೆ ಹೋಗಿದ್ದಳೇ, ಹೋಗಿ ತಿರುಗಿ ಬಂದಿದ್ದಳೇ ಎಂದು ನಾನು ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಿಲ್ಲ.

ಗಂಗಾವತಿಯಿಂದ ಬಸವರಾಜ ಬರುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು. ಅವನು ಏನು ಮಾಡುತ್ತಾನೋ ಎಂಬ ಅಂಜಿಕೆಯಲ್ಲೇ ನಾನು ಕಟ್ಟೆಯ ಮೇಲೆ ಕಾಯುತ್ತಿದ್ದೆ. ಅವನು ಒಳಗೆ ಹೋಗಿ ಹೆಂಡತಿಯ ಜೊತೆ ಬಹಳ ಹೊತ್ತು ಮಾತಾಡಿದ. ಹೊರಗೆ ಬಂದು ಅಣ್ಣನ ಮುಂದೆ ನಿಂತು, "ಅಣ್ಣಾ, ಫೋಟೋದಾಗ ಆಕಿ ಅಂಜಿ ಓಡಾಕತ್ಯಾಳ. ನಿನಗ ಅಷ್ಟೂ ಕಾಣಲಿಲ್ಲ?" ಎಂದ. ಬಸವರಾಜ ಮಾಳಿಗೆ ಹತ್ತಿ ಆ ಹಾಸನ್ನು ಸುತ್ತಿ ತಂದು ನನ್ನ ಕೈಗೆ ಕೊಟ್ಟ. "ಇದು ನಿಮ್ದು. ಒಯ್ರಿ." ಅವನು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡು ದಿನದ ಮೇಲೆ ಹೋದಾಗ ಸಿದ್ದಪ್ಪನವರೇ ಏಣಿ ಹತ್ತಿ ಬಚ್ಚಲಿನ ಮೇಲೆ ತಗಡು ಹೊದಿಸುತ್ತಿದ್ದರು. ನೀಲಮ್ಮ ಹೊಲಿಗೆಗೆ ಕೂತಿದ್ದಳು. ಕಾಗೆಯ ನೆರಳು ಅಂಗಳದಲ್ಲಿ ಹಾದರೂ ಆಕೆಯ ಕೈ ನಿಲ್ಲುತ್ತಿತ್ತು. ಅದು ಸರಿಹೋಗಲು ತಿಂಗಳುಗಳೇ ಬೇಕಾದವೆಂದು ಗಂಗವ್ವ ಆಮೇಲೊಮ್ಮೆ ಹೇಳಿದಳು.

ಖಾನಾವಳಿಯ ಟಿ.ವಿ.ಯನ್ನು ಮಹಾಂತೇಶ ಅವತ್ತೇ ಆರಿಸಿದ್ದ. "ನನ್ನ ಕೈಯಾಗ ಸ್ವಿಚ್ ಇತ್ರಿ ಅಕ್ಕಾರ. ಮೊದಲ ದಿನಾನೇ ಆರಸಬಹುದಿತ್ತು," ಎಂದು ಅಂದವನು ಮತ್ತೆ ಮನೆಗಳ ಮೇಲೆ ಹಾರಿಸಲಿಲ್ಲ. ಕುಷ್ಟಗಿಗೆ ಹೋಗಿ ಮೊದಲಿನಂತೆ ದಾಳಿಂಬೆ ತೋಟಗಳ ಕೆಲಸ ಹಿಡಿದ.

ನಾನು ವರದಿ ಕಳಿಸದೆ ಉಳಿಸಿಕೊಂಡೆ. ಪ್ರಯೋಗಕ್ಕೆ ಆರಿಸಿದ್ದ ಅಷ್ಟೂ ಮನೆಗಳಿಗೆ ಒಬ್ಬಳೇ ತಿರುಗಿ ಹೋದೆ. ಈ ಸಲ ಹೆಂಗಸರನ್ನು ಅಡುಗೆಮನೆಯಲ್ಲಿ, ಹಿತ್ತಲಿನಲ್ಲಿ, ಅವರು ಕೆಲಸ ಮಾಡುವ ಜಾಗದಲ್ಲಿ ಕೂತು ಕೇಳಿದೆ. ಉತ್ತರ ಬರುವವರೆಗೆ ಸುಮ್ಮನೆ ಕೂತೆ. ಬಂದ ಉತ್ತರಗಳು ಒಂದೇ ಥರ ಇರಲಿಲ್ಲ. ತಾವರಗೇರಾದ ಒಬ್ಬ ಅಂಗಡಿಕಾರರ ಹೆಂಡತಿ ಒಂದು ತಿಂಗಳಿಂದ ಮಾಳಿಗೆಯ ಮೇಲೆ ಮಲಗುವುದನ್ನೇ ಬಿಟ್ಟಿದ್ದರು. ಹಿಟ್ನಾಳದ ಬಾಣಂತಿಯೊಬ್ಬಳು ಅದು ಬರುವ ಹೊತ್ತಿಗೆ ಕೂಸಿನ ಕಿವಿಗೆ ಅರಳೆ ಇಡುತ್ತಿದ್ದಳು. ಗಂಗಾವತಿಯ ಗದ್ದೆ ಸೀಮೆಯಿಂದ ಹಿಟ್ನಾಳದ ಕಡೆಗೆ ಮದುವೆಯಾಗಿ ಬಂದಿದ್ದ ಹೆಣ್ಣುಮಗಳೊಬ್ಬಳು ಮಾತ್ರ ನಗುತ್ತಾ, "ನಾಟಿ ಹಚ್ಚಾಕ ಹೋದಾಗ ಗದ್ದಿಗೆ ತಂದು ಕೊಟ್ರ ಪುಣ್ಯ ಬರತೈತ್ರಿ. ಬಿಸಿ ಊಟ ಯಾರಿಗೆ ಬ್ಯಾಡ? ಮನಿಮ್ಯಾಲ ಮಾತ್ರ ಬ್ಯಾಡ," ಎಂದಳು. ಊಟಕ್ಕೆ ಯಾರ ವಿರೋಧವೂ ಇರಲಿಲ್ಲ, ಹಾರುವುದಕ್ಕೂ ಅಷ್ಟಾಗಿ ಇರಲಿಲ್ಲ. ತಮ್ಮನ್ನು ಮೇಲಿನಿಂದ ನೋಡುತ್ತಿರುವವರು ಯಾರು ಎಂಬುದು ತಿಳಿಯದೇ ಇದ್ದದ್ದೇ ಅವರ ಭಯ. ನನ್ನ ಪ್ರಶ್ನಾವಳಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಹಳೆ ಗುರುತುಗಳನ್ನು ಹೊಡೆದು ಹೊಸದನ್ನು ಹಾಕಿ, ಪ್ರತಿ ತಿದ್ದುಪಡಿಯ ಪಕ್ಕ ಸಹಿ ಮಾಡಿ, ತಳಕಲ್ಲಿನಲ್ಲಿ ನಡೆದದ್ದನ್ನು ನನ್ನ ತಪ್ಪೂ ಸೇರಿಸಿ ಬರೆದು ಬೆಂಗಳೂರಿಗೆ ಕಳಿಸಿದೆ. ನೀಲಮ್ಮನ ಹೆಸರು ಬರೆಯಲಿಲ್ಲ. ಮ್ಯಾನೇಜರ್ ಫೋನ್ ಮಾಡಿದರು.

"ಮೇಡಂ, ಇದನ್ನ ಕ್ಲೈಂಟ್ ಮುಂದೆ ಇಡೋಕೆ ಆಗಲ್ಲ. ಒಂದು ಮನೆ ವಿಷಯಕ್ಕೆ ಎಲ್ಲಾ ಬದಲಾಯಿಸಿದ್ದೀರಿ."

"ಎಲ್ಲಾ ಮನೆಗೂ ಮತ್ತ ಹೋಗೇನ್ರಿ ಸರ್. ಮೊದಲ ಬರೆದದ್ದು ನನ್ನ ಉತ್ತರ. ಈಗ ಕಳಿಸಿದ್ದು ಅವರದು."

ಆ ಸಂಸ್ಥೆಯಿಂದ ನನಗೆ ಮತ್ತೆ ಕೆಲಸ ಬರಲಿಲ್ಲ. ನಿವೃತ್ತಿ ಒಂದು ವರ್ಷ ಮೊದಲೇ ಬಂದಂತಾಯಿತು. ಕಂಪನಿ ಮನೆಗಳ ಮೇಲೆ ಇಳಿಸುವುದನ್ನು ಕೆಲವೇ ವಾರಗಳಲ್ಲಿ ನಿಲ್ಲಿಸಿತು. ಅದು ನನ್ನ ವರದಿಯಿಂದ ಆಯಿತೋ ಬೇರೆ ಕಾರಣಕ್ಕೋ ನನಗೆ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳಿಕೊಳ್ಳುವುದೂ ಇಲ್ಲ.

ಈ ಕೆಲಸಕ್ಕೆ ಹೊಸದಾಗಿ ಬರುವ ಹೆಣ್ಣುಮಕ್ಕಳು ಕೆಲವರು ನನ್ನ ಹತ್ತಿರ ಸಲಹೆ ಕೇಳಲು ಬರುತ್ತಾರೆ. ಪ್ರಶ್ನೆ ಹೇಗೆ ಕೇಳಬೇಕೆಂದು ನಾನು ಹೇಳಿಕೊಡುವುದಿಲ್ಲ, ಅದನ್ನು ಯಾರೂ ಕಲಿಯಬಲ್ಲರು. ಬಾಯಿಬಿಡದವರ ಎದುರು ಪೆನ್ನಿನ ಕ್ಯಾಪು ಹಾಕಿ ಕೂರಿ ಎನ್ನುತ್ತೇನೆ. ಸುಮ್ಮನಿರುವವರಿಗೆ ಹೇಳುವುದು ಏನೂ ಇಲ್ಲ ಎಂದು ನಾವು ತಿಳಿದಿರುತ್ತೇವೆ. ಎಷ್ಟೋ ಸಲ ಹೇಳುವುದು ಬಹಳ ಇರುತ್ತದೆ, ಹೇಳಲು ಜಾಗ ಇರುವುದಿಲ್ಲ.

ಮೊನ್ನೆ ನಮ್ಮ ಓಣಿಯ ಮದುವೆಯಲ್ಲಿ ಫೋಟೋದವರು ಡ್ರೋನ್ ಹಾರಿಸಿದರು. ಎಲ್ಲರೂ ಮೇಲೆ ನೋಡಿ ಕೈ ಬೀಸಿದರು. ನಾನು ಸುತ್ತಲಿನ ಮಾಳಿಗೆಗಳ ಕಡೆ ನೋಡಿದೆ, ಅಲ್ಲಿ ಯಾರಾದರೂ ಒಳಗೆ ಓಡುತ್ತಿದ್ದಾರೇನೋ ಎಂದು.